ನಾನು ಬಿಡಿಸಿದ ಕೈ

ದೆವ್ವ, ಪಿಶಾಚಿ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಜೀವಶಾಸ್ತ್ರ ಓದಿದೆ, ಅದನ್ನೇ ಪಾಠ ಹೇಳುತ್ತ ಬಂದೆ. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯಲು ಕರೆದರೆ ನಕ್ಕು ಒಳಗೆ ಹೋಗಿಬಿಡುತ್ತಿದ್ದೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಇವರಿಗೆ ಆ ದಿನ ಜ್ವರವಿತ್ತೇ, ನಿದ್ದೆಗೆಟ್ಟಿದ್ದರೇ ಎಂದು ಮನಸ್ಸಿನಲ್ಲೇ ವಿಚಾರಣೆ ನಡೆಸುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೇ ಯೋಚಿಸಿದರೆ ನನಗೆ ಬೇಸರವಿಲ್ಲ. ಆದರೆ ನನಗೆ ಜ್ವರವಿರಲಿಲ್ಲ. ನಾನು ಹೇಳಹೊರಟಿರುವುದು ನಡೆದದ್ದು ಹಗಲು ಹೊತ್ತಿನಲ್ಲಿ, ಜನರ ಎದುರಿಗೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಮಾಗಡಿಯಿಂದ ರಾಮನಗರಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸಾಕಷ್ಟು ಒಳಗೆ, ಒಂದು ವಸತಿ ಪಿಯು ಕಾಲೇಜಿನಲ್ಲಿ ನಾನು ಉಪನ್ಯಾಸಕಿಯಾಗಿದ್ದೆ. ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ನೂ ನಾನೇ. ಕಟ್ಟಡ ಬಹಳ ಹಳೆಯದು. ಬ್ರಿಟಿಷರ ಕಾಲದಲ್ಲಿ ಯಾರೋ ದೊರೆ ದೊಡ್ಡ ಬಂಡೆಯ ಬುಡಕ್ಕೇ ಅಂಟಿಸಿದಂತೆ ಕಟ್ಟಿಸಿದ ಕಲ್ಲಿನ ಮನೆ. ಚರ್ಚಿನ ಕಿಟಕಿಗಳಂಥ ಚೂಪು ಕಮಾನಿನ ಕಿಟಕಿಗಳು, ಒಂದು ಮೂಲೆಗೆ ಗೋಪುರ, ಮಾತಾಡಿದರೆ ಮಾತು ವಾಪಸ್ಸು ಬರುವ ಉದ್ದನೆಯ ಪಡಸಾಲೆಗಳು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಬಂಡೆಯ ನೆರಳು ಇಡೀ ಕಟ್ಟಡದ ಮೇಲೆ ಬೀಳುತ್ತಿತ್ತು. ಹೊರಗೆ ಹೊಲದಲ್ಲಿ ಇನ್ನೂ ಬಿಸಿಲಿದ್ದರೂ ನಮ್ಮಲ್ಲಿ ದೀಪ ಹಾಕಬೇಕಾಗುತ್ತಿತ್ತು.

ಆ ವರ್ಷ ಹುಡುಗಿಯರಿಗೆಲ್ಲ ಒಂದೇ ಹುಚ್ಚು. ರಕ್ತ ಕುಡಿಯುವ ಚೆಲುವ ಹುಡುಗನೊಬ್ಬ ಬೋರ್ಡಿಂಗ್ ಶಾಲೆಗೆ ಬಂದು ಅಲ್ಲಿಯ ಹುಡುಗಿಯನ್ನು ಪ್ರೀತಿಸುವ ಇಂಗ್ಲಿಷ್ ಕಾದಂಬರಿಗಳು. ಬೆಂಗಳೂರಿನ ಫುಟ್‌ಪಾತಿನಿಂದ ಯಾರೋ ತಂದ ಪುಸ್ತಕಗಳು ರಟ್ಟು ಕಿತ್ತುಹೋಗುವಷ್ಟು ಕೈಯಿಂದ ಕೈಗೆ ಓಡಾಡುತ್ತಿದ್ದವು. ದಿಂಬಿನ ಕೆಳಗೆ ಸಿಕ್ಕ ಒಂದನ್ನು ಕಿತ್ತುಕೊಂಡು ನಾನೂ ಓದಿದೆ. ಅವನು ಬಿಸಿಲಿಗೆ ಬರುವುದಿಲ್ಲ, ಅವಳು ಕತ್ತು ಒಡ್ಡುತ್ತಾಳೆ. ನಗು ಬಂತು. ಮರುದಿನ ಅದನ್ನು ಇಟ್ಟುಕೊಂಡಿದ್ದವಳನ್ನು ಕರೆದು ವಾಪಸ್ಸು ಕೊಟ್ಟುಬಿಟ್ಟೆ.

ಪವನ್ ನಮ್ಮಲ್ಲಿಗೆ ಬಂದದ್ದು ಆ ವರ್ಷವೇ, ಎರಡನೇ ಪಿಯುಗೆ. ಮಾಗಡಿಯ ಹುಡುಗ. ತಾಯಿ ಇರಲಿಲ್ಲ. ತಂದೆ ಗಂಗಾಧರಯ್ಯ ಬಿಡದಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಹುಡುಗನೊಬ್ಬನೇ ಇರುವುದಕ್ಕಿಂತ ಹಾಸ್ಟೆಲ್ಲಿನಲ್ಲಿದ್ದರೆ ನಾಲ್ಕು ಜನ ನೋಡಿಕೊಳ್ಳುತ್ತಾರೆ ಎಂದು ತಂದು ಬಿಟ್ಟರು. ಅವನಿಗೆ ರಕ್ತದ ಕಾಯಿಲೆ. ಮೂಳೆಯೊಳಗಿನ ಮಜ್ಜೆ ಬೇಕಾದಷ್ಟು ರಕ್ತ ತಯಾರಿಸುತ್ತಿರಲಿಲ್ಲ. ಕೆಲವು ವಾರಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕಿತ್ತು. ಬೂದಿ ಬಣ್ಣದ ಮುಖ, ಬಿಳಿಚಿದ ತುಟಿ, ಸೆಕೆಯಲ್ಲೂ ಸ್ವೆಟರ್. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದ.

ಇಂಥವನಿಗೆ ಹುಡುಗರು ಏನು ಹೆಸರಿಟ್ಟರು ಎಂದು ಹೇಳಬೇಕಾಗಿಲ್ಲ. ಬಂದ ವಾರದಲ್ಲೇ ಅವನು ‘ವ್ಯಾಂಪೈರ್’ ಆದ. ಅವನು ಅದಕ್ಕೂ ಮೆಲ್ಲಗೆ ನಗುತ್ತಿದ್ದ. ಒಂದು ದಿನ ಊಟದ ಸಾಲಿನಲ್ಲಿ ಯಾರೋ ಹಾಗೆ ಕೂಗಿದಾಗ ಸಹನಾ ತಟ್ಟೆ ಹಿಡಿದುಕೊಂಡೇ ತಿರುಗಿ ನಿಂತಳು.

‘ಅವ್ನು ಕುಡಿಯೋದು ಮನುಷ್ಯರ ರಕ್ತ ಕಣ್ರೋ. ನೀವು ದಿನಾ ಕುಡೀತೀರಲ್ಲ ಈ ಮೆಸ್ಸಿನ ಸಾರು, ಇದೇನು ಅಂತ ಯಾರಿಗಾದ್ರೂ ಗೊತ್ತಾ?’

ಅಡುಗೆಯವರೂ ನಕ್ಕರು. ಅವತ್ತಿನಿಂದ ಆ ಹೆಸರು ಕೂಗುವುದು ನಿಂತುಹೋಯಿತು.

ಸಹನಾ ಕನಕಪುರದ ಕಡೆಯ ಹಳ್ಳಿಯವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬೆಳೆದ ಹುಡುಗಿ. ಖೋಖೋ ಆಟದಲ್ಲಿ ಅವಳನ್ನು ಮುಟ್ಟಿದವರಿಲ್ಲ. ನೀರಿನ ಕ್ಯಾನು ಮೇಲಕ್ಕೆ ಒಯ್ಯಬೇಕಾದರೆ ಆಯಾ ಅವಳನ್ನೇ ಕರೆಯುತ್ತಿದ್ದಳು. ಆ ಪುಸ್ತಕಗಳ ಹುಚ್ಚು ಅವಳಿಗೂ ಇತ್ತು, ಆದರೆ ಬೇರೆಯವರ ಹಾಗೆ ಕಣ್ಣರಳಿಸಿ ಓದುತ್ತಿರಲಿಲ್ಲ, ತಮಾಷೆ ಮಾಡಿಕೊಂಡು ಓದುತ್ತಿದ್ದಳು.

ಅವರಿಬ್ಬರೂ ಹತ್ತಿರವಾದರು. ಸಂಜೆಯ ಓದಿನ ಗಂಟೆಗೆ ಮುಂಚೆ ಮೇಲಿನ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ನಮ್ಮಲ್ಲಿ ಹುಡುಗ ಹುಡುಗಿ ಹಾಗೆ ಕೂರುವಂತಿರಲಿಲ್ಲ. ಪ್ರಿನ್ಸಿಪಾಲರು ಒಂದೆರಡು ಸಲ ಕೇಳಿದರು. ಕಾಯಿಲೆಯ ಹುಡುಗ, ಎಲ್ಲರಿಗೂ ಕಾಣುವ ಜಾಗ, ಇರಲಿ ಬಿಡಿ ಸಾರ್ ಎಂದೆ. ಅವರ ನಡುವೆ ಪ್ರೀತಿ ಇತ್ತು ಎಂಬುದು ನನಗೆ ಗೊತ್ತಿತ್ತು. ಆ ವಯಸ್ಸಿಗೆ ಅದು ಇರದಿದ್ದರೇ ಆಶ್ಚರ್ಯ.

ಗಣೇಶನ ಹಬ್ಬದ ಹೊತ್ತಿಗೆ ಪವನ್ ಮುಖಕ್ಕೆ ಬಣ್ಣ ಬಂತು. ರಕ್ತ ಹಾಕಿಸಿಕೊಳ್ಳುವ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು, ಆಮೇಲೆ ಬೇಡವೇ ಬೇಡ ಎಂದರು. ಡಾಕ್ಟರಿಗೇ ನಂಬಿಕೆ ಬರುತ್ತಿಲ್ಲವಂತೆ. ಗಂಗಾಧರಯ್ಯ ಸ್ಟಾಫ್ ರೂಮಿಗೆ ಮೈಸೂರುಪಾಕಿನ ಡಬ್ಬ ತಂದು ಎಲ್ಲರಿಗೂ ಕೈಯಾರೆ ಹಂಚಿದರು. ‘ನಿಮ್ಮ ಗಾಳಿ ನೀರು ನನ್ ಮಗನಿಗೆ ಒಗ್ಗಿಬುಡ್ತು ಮಿಸ್’ ಎಂದರು. ಅವತ್ತು ಸಂಜೆ ಪವನ್ ಮೈದಾನದಲ್ಲಿ ಓಡುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಆಟವಲ್ಲ, ಸುಮ್ಮನೆ ಈ ಗೋಡೆಯಿಂದ ಆ ಗೋಡೆಗೆ ಓಡುವುದು, ಮತ್ತೆ ತಿರುಗಿ ಓಡುವುದು.

ಅದೇ ಹೊತ್ತಿಗೆ ಸಹನಾ ಸೊರಗತೊಡಗಿದಳು. ಮೊದಲು ಖೋಖೋ ಬಿಟ್ಟಳು. ಆಮೇಲೆ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದಳು. ರಾಮನಗರದಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ ಬಹಳ ಇಳಿದಿತ್ತು. ಈ ವಯಸ್ಸಿನ ಹುಡುಗಿಯರಿಗೆ ಇದು ಮಾಮೂಲು ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ನಾನೇ ಎದುರಿಗೆ ನಿಂತು ನುಂಗಿಸುತ್ತಿದ್ದೆ. ಮುಂದಿನ ಪರೀಕ್ಷೆಯಲ್ಲಿ ಇನ್ನೂ ಇಳಿದಿತ್ತು. ಜಂತುಹುಳು ಇಲ್ಲ, ಹೊಟ್ಟೆಯಲ್ಲಿ ಹುಣ್ಣಿಲ್ಲ, ರಕ್ತ ಎಲ್ಲೂ ಹೋಗುತ್ತಿಲ್ಲ. ಹಾಗಾದರೆ ಎಲ್ಲಿ ಹೋಗುತ್ತಿದೆ ಎಂದು ಕೇಳಿದರೆ ಡಾಕ್ಟರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರು.

ನನಗೆ ಮೊದಲ ಸಲ ಇರುಸುಮುರುಸಾದದ್ದು ಪ್ರಯೋಗಾಲಯದಲ್ಲಿ. ಅವತ್ತು ರಕ್ತದ ಗುಂಪು ಕಂಡುಹಿಡಿಯುವ ಪ್ರಾಯೋಗಿಕ ತರಗತಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬಹಳ ಸುಲಭದ ಕೆಲಸ. ಗಾಜಿನ ಪಟ್ಟಿಯ ಮೇಲೆ ಮೂರು ತೊಟ್ಟು ರಕ್ತ ಇಟ್ಟು, ಒಂದೊಂದಕ್ಕೆ ಒಂದೊಂದು ದ್ರಾವಣ ಬೆರೆಸಬೇಕು. ಯಾವ ತೊಟ್ಟು ಗಂಟುಗಂಟಾಗುತ್ತದೆ ಎಂಬುದರ ಮೇಲೆ ಗುಂಪು ಗೊತ್ತಾಗುತ್ತದೆ. ಸಹನಾಳ ಗುಂಪು ಎಬಿ ನೆಗೆಟಿವ್. ಅಪರೂಪದ್ದು, ಅದಕ್ಕೇ ನನಗೆ ನೆನಪಿದೆ. ಪವನ್ ಗುಂಪು ಓ ಪಾಸಿಟಿವ್ ಎಂದು ನನಗೆ ಮೊದಲೇ ಗೊತ್ತಿತ್ತು. ಅವನಿಗೆ ಚಿಕ್ಕಂದಿನಿಂದ ಹಾಕುತ್ತಿದ್ದುದು ಅದೇ ರಕ್ತ. ನೀನು ಚುಚ್ಚಿಕೊಳ್ಳಬೇಡಪ್ಪ ಎಂದೆ, ಅವನು ಕೇಳಲಿಲ್ಲ. ಎಲ್ಲರ ಹಾಗೆ ಮಾಡುವ ಆಸೆ.

ಅವನ ಪಟ್ಟಿಯನ್ನು ನೋಡಿದೆ. ಗಂಟಾಗಬೇಕಾದ ತೊಟ್ಟು ನುಣ್ಣಗಿತ್ತು. ನುಣ್ಣಗಿರಬೇಕಾದ ಎರಡೂ ಗಂಟಾಗಿದ್ದವು. ಎಬಿ ನೆಗೆಟಿವ್. ದ್ರಾವಣ ಕೆಟ್ಟಿದೆ ಎಂದುಕೊಂಡು ಹೊಸ ಶೀಶೆ ತೆರೆದೆ. ಅದೇ ಬಂತು. ನನ್ನ ಬೆರಳು ಚುಚ್ಚಿಕೊಂಡು ನೋಡಿದೆ, ನನ್ನ ಗುಂಪು ಸರಿಯಾಗಿಯೇ ಬಂತು. ಮಜ್ಜೆಯನ್ನೇ ಬದಲಾಯಿಸುವ ಚಿಕಿತ್ಸೆ ಮಾಡಿದರೆ ಮನುಷ್ಯನ ರಕ್ತದ ಗುಂಪು ಬದಲಾಗಬಹುದು. ಅವನಿಗೆ ಅಂಥ ಚಿಕಿತ್ಸೆ ಆಗಿರಲಿಲ್ಲ. ತರಗತಿಯಲ್ಲಿ ಏನೋ ಹೇಳಿ ದಾಟಿಸಿದೆ. ಪವನ್ ತನ್ನ ಪಟ್ಟಿಯನ್ನು ನೋಡಿದ, ಪಕ್ಕದ ಮೇಜಿನಲ್ಲಿದ್ದ ಸಹನಾಳ ಪಟ್ಟಿಯನ್ನು ನೋಡಿದ. ತನ್ನದನ್ನು ಎತ್ತಿಕೊಂಡು ತೊಳೆಯಲು ಹೋದ.

ಅದೇ ವಾರ ಒಂದು ಸಂಜೆ ಕರೆಂಟು ಹೋಗಿತ್ತು. ಓದಿಗೆ ಕೂರಿಸಬೇಕೆಂದು ಹುಡುಗಿಯರನ್ನು ಕರೆಯುತ್ತ ಮೇಲೆ ಹೋದೆ. ಕಿಟಕಿಯ ಕಮಾನಿನಿಂದ ಇನ್ನೂ ಬೆಳಕು ಬೀಳುತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಮುಟ್ಟಿಕೊಂಡಿರಲಿಲ್ಲ. ಒಬ್ಬರ ಕೈ ಪಕ್ಕಕ್ಕೆ ಇನ್ನೊಬ್ಬರ ಕೈ, ನಡುವೆ ಒಂದು ಗೇಣು ಜಾಗ. ಸಹನಾ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅವಳ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಅವನ ಕಿವಿಗಳು ಬಿಸಿಲಲ್ಲಿ ಓಡಿ ಬಂದವನ ಕಿವಿಗಳಂತೆ ಕೆಂಪಗಿದ್ದವು.

‘ಸಹನಾ, ಏಳು’ ಎಂದು ಅವಳನ್ನು ಎಬ್ಬಿಸಲು ಕೈ ಹಾಕಿದೆ. ನನ್ನ ಕೈ ಅವರಿಬ್ಬರ ನಡುವಿನ ಆ ಜಾಗದಲ್ಲಿ ಹಾದುಹೋಯಿತು.

ನೀವು ರಕ್ತದಾನ ಮಾಡಿದ್ದರೆ ನಾನು ಹೇಳುವುದು ಅರ್ಥವಾದೀತು. ಸೂಜಿ ಚುಚ್ಚಿ, ಕಟ್ಟಿದ ಪಟ್ಟಿ ಸಡಿಲಿಸಿದಾಗ ತೋಳಿನೊಳಗಿಂದ ಏನೋ ಬೆಚ್ಚಗೆ ಜಾರಿ ಹೊರಟಂತಾಗುತ್ತದಲ್ಲ, ಹಾಗಾಯಿತು. ಸೂಜಿ ಇಲ್ಲ, ಗಾಯವಿಲ್ಲ. ಬೆರಳ ತುದಿಯಿಂದ ಮೊಣಕೈವರೆಗೆ ಹಗುರವಾಗಿ, ಕಿವಿ ಗುಂಯ್ ಎಂದು, ಕಣ್ಣು ಕತ್ತಲಿಟ್ಟಿತು. ಕೈ ಹಿಂದಕ್ಕೆಳೆದುಕೊಂಡು ಕಂಬ ಹಿಡಿದು ನಿಂತೆ. ಪವನ್ ಎದ್ದು ಸರಸರ ನಡೆದು ಹೋಗಿಬಿಟ್ಟ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಹನಾಳನ್ನು ನನ್ನ ಕೋಣೆಗೆ ಕರೆತಂದು ಬಿಸಿ ಹಾಲು ಕೊಟ್ಟೆ. ಲೋಟ ಹಿಡಿಯಲು ಎರಡೂ ಕೈ ಬೇಕಾದವು.

‘ಏನಿದು ಸಹನಾ? ಅವನು ನಿನಗೇನು ಮಾಡ್ತಿದ್ದಾನೆ?’

‘ಅವ್ನೇನೂ ಮಾಡ್ತಿಲ್ಲ ಮಿಸ್.’ ಅವಳಿಗೆ ಸಿಟ್ಟೇ ಬಂತು. ‘ಆ ಪುಸ್ತಕದಲ್ಲಿರೋ ಹುಡುಗ್ರು ಕಚ್ಚಿ ಕುಡೀತಾರೆ. ಇವ್ನು ಕೇಳೂ ಇಲ್ಲ. ನಾನೇ ಕೊಡ್ತಿದೀನಿ. ಹೆಂಗೆ ಅಂತ ನಂಗೂ ಗೊತ್ತಿಲ್ಲ. ಅವ್ನು ಚೆನ್ನಾಗಿರ್ಲಿ ಅಂತ ಮನಸ್ಸಲ್ಲಿ ಅಂದ್ಕೊಂಡು ಕೂತ್ಕೋತೀನಿ, ಹೋಗುತ್ತೆ. ಅವನಿಗೆ ಹೇಳ್ಬೇಡಿ ಮಿಸ್. ಗೊತ್ತಾದ್ರೆ ಬರೋದು ಬಿಟ್ಬಿಡ್ತಾನೆ.’

ಇದನ್ನು ನಾನು ನಂಬಿದೆ ಎಂದು ಹೇಳಲಾರೆ. ಆದರೆ ನನ್ನ ಬಲಗೈ ಇನ್ನೂ ತಣ್ಣಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅವಳ ತಾಯಿಗೆ ಫೋನು ಮಾಡಿದೆ.

ಜಯಮ್ಮ ಮಧ್ಯಾಹ್ನದ ಹೊತ್ತಿಗೆ ಬಂದರು. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದವರು ಹಾಗೇ ಎದ್ದು ಬಂದಂತಿತ್ತು, ಬೆರಳುಗಳು ಹಸಿರಾಗಿದ್ದವು. ಮಗಳನ್ನು ನೋಡಿದವರೇ ಬಾಗಿಲಲ್ಲೇ ಕೂತರು. ‘ಗುಂಡ್ಕಲ್ಲಂಗಿದ್ದ ಮಗಾನ ಕಳ್ಸಿದ್ದೆ ಮಿಸ್. ಏನಾಗೈತೆ ಇವ್ಳಿಗೆ? ಮನೇಲಿ ಹುಳ ಹಿಂಗೆ ಬೆಳ್ಳಗಾದ್ರೆ ಎತ್ತಿ ಆಚೀಗೆ ಎಸೀತೀವಿ’ ಎಂದು ಅತ್ತರು. ನಾನು ಹುಡುಗನ ವಿಷಯ ಹೇಳಲಿಲ್ಲ. ವಿಶ್ರಾಂತಿ ಬೇಕು, ಪರೀಕ್ಷೆಯವರೆಗೆ ಮನೆಯಲ್ಲೇ ಓದಲಿ, ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ ಎಂದಷ್ಟೇ ಹೇಳಿದೆ. ಸಹನಾ ಹೋಗಲಾರೆ ಎಂದು ಮಂಚದ ಕಾಲು ಹಿಡಿದುಕೊಂಡಳು. ಆದರೆ ಹಿಡಿದುಕೊಳ್ಳುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಜಯಮ್ಮ ಮಗುವನ್ನು ಬಿಡಿಸುವ ಹಾಗೆ ಬಿಡಿಸಿ ಎಬ್ಬಿಸಿದರು.

ಮನೆಗೆ ಹೋದವಳು ಬೇಗ ಚೇತರಿಸಿಕೊಂಡಳು. ಸಂಕ್ರಾಂತಿ ಹೊತ್ತಿಗೆ ಮತ್ತೆ ಸೊಪ್ಪಿನ ಹೊರೆ ಹೊರುತ್ತಿದ್ದಾಳೆ ಎಂದು ಜಯಮ್ಮ ಸಂತೋಷದಿಂದ ಹೇಳಿದರು. ಇತ್ತ ಪವನ್ ಮುಖ ಬೂದಿಯಾಯಿತು. ಮತ್ತೆ ಬೆಂಗಳೂರು, ಮತ್ತೆ ರಕ್ತ. ಈ ಸಲ ಹಾಕಿದ ರಕ್ತ ಅವನಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಾನು ಗಂಗಾಧರಯ್ಯನವರನ್ನು ಕೇಳಿದೆ, ಆಸ್ಪತ್ರೆಯಲ್ಲಿ ಗುಂಪು ನೋಡಿದರೇ ಎಂದು. ‘ನೋಡ್ದೆ ಹಾಕ್ತಾರಾ ಮಿಸ್? ಓ ಪಾಸಿಟಿವ್ವೇ. ಹುಟ್ಟಿದಾಗಿಂದ ಅದೇ ಅಲ್ವಾ’ ಎಂದರು.

ಒಂದು ದಿನ ಪವನ್ ಸ್ಟಾಫ್ ರೂಮಿಗೆ ಬಂದ. ಬೇರೆ ಯಾರೂ ಇರಲಿಲ್ಲ. ನಿಲ್ಲಲಾರದೆ, ನಾನು ಹೇಳುವ ಮುಂಚೆಯೇ ಕುರ್ಚಿ ಎಳೆದು ಕೂತ.

‘ಸಹನಾ ಹೆಂಗವ್ಳೆ ಮಿಸ್?’

ಚೆನ್ನಾಗಿದ್ದಾಳೆ ಎಂದೆ.

‘ನಂಗೆ ಗೊತ್ತಿತ್ತು ಮಿಸ್’ ಎಂದ. ‘ಅವ್ಳು ಪಕ್ಕದಲ್ಲಿ ಕೂತ್ರೆ ಮೈಯೆಲ್ಲಾ ಬೆಚ್ಚಗಾಗೋದು. ಎದ್ದೋಗೋವಾಗ ಅವ್ಳು ಗೋಡೆ ಹಿಡ್ಕೊಂಡು ನಡೆಯೋದೂ ಕಾಣ್ತಿತ್ತು. ಕಂಡ್ರೂ ಸುಮ್ಕಿದ್ದೆ. ಚಿಕ್ಕೋನಿದ್ದಾಗಿಂದ ನಾನು ಓಡಿರ್ಲಿಲ್ಲ ಮಿಸ್. ಆವಾಗ ಓಡ್ದೆ. ಇನ್ನೊಸಿ ದಿನ, ಇನ್ನೊಸಿ ದಿನ ಅಂದ್ಕೊಂಡೆ.’

ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನ ಕಡೆಗೆ ಸರಿಸಿದೆ. ಅವನು ಮುಂದುವರಿಸಿದ. ‘ಪರೀಕ್ಷೆಗೆ ಅವ್ಳು ಬಂದೇ ಬತ್ತಾಳೆ. ನನ್ನ ಹಿಂಗೆ ನೋಡಿದ್ರೆ ಸುಮ್ನಿರಾಕಿಲ್ಲ. ನಾನೇ ಮನೆಗೋಯ್ತೀನಿ. ಎಲ್ಲೋದ ಅಂತ ಕೇಳಿದ್ರೆ ಹೇಳ್ಬೇಡಿ.’

‘ಪವನ್, ನಿನ್ನ ಪರೀಕ್ಷೆ?’ ಎಂದೆ. ಕೇಳಬಾರದ ಪ್ರಶ್ನೆ. ಅವತ್ತೇ ತಂದೆಯ ಜೊತೆ ಹೊರಟುಹೋದ. ಹೊಸ್ತಿಲು ದಾಟಲು ತಂದೆ ಅವನನ್ನು ಎತ್ತಿಕೊಳ್ಳಬೇಕಾಯಿತು. ಟ್ರಂಕು ಹಾಸ್ಟೆಲ್ಲಿನಲ್ಲೇ ಉಳಿಯಿತು.

ಪರೀಕ್ಷೆ ಶುರುವಾಗುವ ಮುಂಚೆಯೇ ಅವನು ತೀರಿಕೊಂಡ. ಒಂದು ಬೆಳಗಿನ ಜಾವ, ಮನೆಯಲ್ಲಿ, ನಿದ್ದೆಯಲ್ಲಿ. ಡಾಕ್ಟರು ಬಂದು ನೋಡಿ ಖಚಿತ ಮಾಡಿ ಹೋಗಿದ್ದರು. ನಾವು ಉಪನ್ಯಾಸಕರು, ಕೆಲವು ಹುಡುಗರು ಮಾಗಡಿಗೆ ಹೋದೆವು. ಮನೆಯ ಮುಂದೆ ಶಾಮಿಯಾನ ಹಾಕಿ ಮಲಗಿಸಿದ್ದರು. ಮುಖ ಮೇಣದಂತಿತ್ತು, ಉಗುರುಗಳು ನೀಲಿಗಟ್ಟಿದ್ದವು. ಇವನ್ನೆಲ್ಲ ನಾನು ಹತ್ತಿರದಿಂದ ನೋಡಿದೆ. ಹಾರ ಹಾಕುವಾಗ ಕೆನ್ನೆ ಕೈಗೆ ತಗುಲಿತು, ಕಲ್ಲಿನಷ್ಟು ತಣ್ಣಗಿತ್ತು.

ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ವಿಷಯ ಹಾಕಿದ್ದರು. ಬಿಸಿಲೇರಿದ ಮೇಲೆ ಸಹನಾ ಬಂದಳು. ತಾಯಿ ಹಿಂದೆಯೇ ಓಡಿ ಬರುತ್ತಿದ್ದರು. ಕೆನ್ನೆ ತುಂಬಿಕೊಂಡು ಎಷ್ಟು ಚೆನ್ನಾಗಿದ್ದಳೆಂದರೆ, ಆ ಜಾಗದಲ್ಲಿ ಅದು ನೋಡಲು ಕಷ್ಟವಾಗುತ್ತಿತ್ತು. ಅವಳು ಅಳಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅವನ ಪಕ್ಕ ಕೂತಳು. ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಅವಳು ಅವನನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊದಲು ನೋಡಿದವರು ತಲೆಯ ಹತ್ತಿರ ಕೂತಿದ್ದ ಹೆಂಗಸರು. ಅವರ ಅಳು ಹಠಾತ್ತನೆ ನಿಂತಿತು. ನಾನು ಬಗ್ಗಿ ನೋಡಿದೆ. ಪವನ್ ಉಗುರುಗಳ ನೀಲಿ ಕರಗುತ್ತಿತ್ತು. ಬುಡದಿಂದ ತುದಿಗೆ ಗುಲಾಬಿ ಬಣ್ಣ ಏರುತ್ತಿತ್ತು. ಆಮೇಲೆ ತುಟಿ. ಗಂಗಾಧರಯ್ಯ ನುಗ್ಗಿ ಬಂದು ಮಗನ ಇನ್ನೊಂದು ಕೈ ಹಿಡಿದರು. ‘ಬೆಚ್ಚಗೈತೆ! ಅಯ್ಯೋ, ಕೈ ಬೆಚ್ಚಗೈತೆ ಕಣ್ರಪ್ಪಾ! ಡಾಕ್ಟ್ರ ಕರೀರಿ!’ ಎಂದು ಕೂಗಿಕೊಂಡರು. ಯಾರೋ ಬೈಕು ಹತ್ತಿ ಓಡಿದರು. ರೆಪ್ಪೆ ಅದುರಿತು ಎಂದು ಅಲ್ಲಿದ್ದ ಕೆಲವರು ಈಗಲೂ ಹೇಳುತ್ತಾರೆ. ಅದನ್ನು ನಾನು ನೋಡಲಿಲ್ಲ. ಏಕೆಂದರೆ ನಾನು ಆಗ ಸಹನಾಳನ್ನು ನೋಡುತ್ತಿದ್ದೆ.

ಅವಳ ತುಂಬು ಕೆನ್ನೆ ಒಳಕ್ಕೆ ಎಳೆದುಕೊಂಡಿತ್ತು. ಕಿವಿ, ತುಟಿ, ಕತ್ತು ಎಲ್ಲ ಬಿಳಿ. ಸುಣ್ಣ ಬಳಿದ ಗೋಡೆಯ ಬಿಳಿ. ತಲೆ ಮೆಲ್ಲಗೆ ಅವನ ಎದೆಯ ಕಡೆಗೆ ವಾಲುತ್ತಿತ್ತು. ಜಯಮ್ಮ ಮಗಳ ಹೆಗಲು ಹಿಡಿದು ಎಳೆದರು, ಅಲುಗಲಿಲ್ಲ. ‘ಮಿಸ್, ಬುಡ್ಸಿ ಮಿಸ್! ನನ್ ಮಗ್ಳು ಹೋಯ್ತಾ ಅವ್ಳೆ, ಬುಡ್ಸಿ!’ ಎಂದು ಕಿರುಚಿದರು. ಆ ಕಡೆಯಿಂದ ಗಂಗಾಧರಯ್ಯ, ‘ಬ್ಯಾಡಿ, ಮುಟ್ಬ್ಯಾಡಿ, ಒಸಿ ತಡೀರಿ’ ಎಂದು ಕೈ ಮುಗಿಯುತ್ತಿದ್ದರು.

ನಾನು ಬಿಡಿಸಿದೆ. ಅವಳ ಬೆರಳುಗಳನ್ನು ಒಂದೊಂದಾಗಿ ಎತ್ತಿದೆ. ಪಡಸಾಲೆಯಲ್ಲಿ ಆದದ್ದೇ ಮತ್ತೆ ಆಯಿತು, ಅದಕ್ಕಿಂತ ಬಹಳ ಜೋರಾಗಿ. ನನ್ನ ಎರಡೂ ತೋಳುಗಳಿಂದ ಏನೋ ಸುರಿದು ಹೋಗುತ್ತಿತ್ತು. ಕೊನೆಯ ಬೆರಳು ಬಿಟ್ಟಾಗ ಸಹನಾ ನನ್ನ ಮೇಲೆ ಬಿದ್ದಳು. ಪವನ್ ಕೈ ಚಾಪೆಯ ಮೇಲೆ ಬಿತ್ತು. ನಾವೆಲ್ಲ ನೋಡುತ್ತಿದ್ದಂತೆ ಅವನ ಬಣ್ಣ ಇಳಿದುಹೋಯಿತು. ಮೊದಲು ತುಟಿ, ಆಮೇಲೆ ಬೆರಳು.

ಡಾಕ್ಟರು ಬಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಕಣ್ಣಿಗೆ ಬೆಳಕು ಬಿಟ್ಟರು. ಬೆಳಗಿನ ಜಾವವೇ ಜೀವ ಹೋಗಿದೆ, ಈಗ ಮೈ ಸೆಟೆಯುತ್ತಿದೆ ಎಂದರು. ಬಿಸಿಲಿಗೆ ದೇಹ ಬೆಚ್ಚಗಾಗಿರಬಹುದು, ದುಃಖದಲ್ಲಿದ್ದವರಿಗೆ ಹೀಗೆಲ್ಲ ಕಾಣುತ್ತದೆ ಎಂದೂ ಸಮಾಧಾನ ಹೇಳಿದರು. ಸಹನಾಳನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದು ಬಾಟಲಿಗಟ್ಟಲೆ ರಕ್ತ ಹಾಕಿ ಉಳಿಸಿದರು. ನನಗೂ ಹಲವು ದಿನ ಮೇಲೇಳಲು ಆಗಲಿಲ್ಲ.

ಅವಳು ಈಗ ಚೆನ್ನಾಗಿದ್ದಾಳೆ. ಮದುವೆಯಾಗಿದೆ, ಕನಕಪುರದಲ್ಲೇ ಇದ್ದಾಳೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಎದುರಿಗೆ ಸಿಕ್ಕಳು. ನನ್ನನ್ನು ನೋಡಿ ಗುರುತು ಹಿಡಿದು, ಮುಖ ತಿರುಗಿಸಿಕೊಂಡು ಹೋದಳು. ಜಯಮ್ಮ ಮಾತ್ರ ಪ್ರತಿ ಯುಗಾದಿಗೆ ಫೋನು ಮಾಡುತ್ತಾರೆ.

ಆದದ್ದಕ್ಕೆ ನಾನು ಬಹಳ ಕಾರಣಗಳನ್ನು ಹುಡುಕಿದ್ದೇನೆ. ವೈದ್ಯರನ್ನು ಕೇಳಿದ್ದೇನೆ, ಪುಸ್ತಕಗಳನ್ನು ಓದಿದ್ದೇನೆ. ಕೆಲವು ಕಾರಣಗಳು ಅರ್ಧದವರೆಗೆ ಹೊಂದುತ್ತವೆ, ಆಮೇಲೆ ಕೈಬಿಡುತ್ತವೆ.

ಪವನ್ ಹೋದ ವರ್ಷವೇ, ಬೇಸಿಗೆಯ ಕೊನೆಯಲ್ಲಿ ಗಂಗಾಧರಯ್ಯ ಮಗನ ಟ್ರಂಕು ತೆಗೆದುಕೊಂಡು ಹೋಗಲು ಕಾಲೇಜಿಗೆ ಬಂದರು. ಕಾಫಿ ತರಿಸಿಕೊಟ್ಟೆ. ಕುಡಿದರು. ಊರಿನ ಸುದ್ದಿ, ಶಿಫ್ಟಿನ ಸುದ್ದಿ ಏನೇನೋ ಹೇಳಿದರು. ಏಳುವ ಹೊತ್ತಿಗೆ ಲೋಟವನ್ನು ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದರು.

‘ಮಿಸ್, ಬೈಕಂಡು ಕೇಳ್ತಿಲ್ಲ. ನೀವು ಮಾಡಿದ್ದೂ ಸರಿ, ಆ ಹುಡ್ಗೀನೂ ಒಂದು ತಾಯಿ ಹೆತ್ತ ಮಗೂನೇ. ಆದ್ರೂ ಒಂದ್ ಮಾತು ಹೇಳಿ. ಇನ್ನೊಸಿ ಹೊತ್ತು ಬುಟ್ಟಿದ್ರೆ, ನನ್ ಮಗ ಎದ್ದು ಕೂತ್ಕಂಡಿರೋನಾ?’

ಸತ್ತವರು ಏಳುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ ಬಾಯಿ. ಮಾತು ಹೊರಡಲಿಲ್ಲ. ಅವರು ಟ್ರಂಕನ್ನು ಹೆಗಲಿಗೇರಿಸಿಕೊಂಡು, ‘ಬತ್ತೀನಿ ಮಿಸ್’ ಎಂದು ಬಸ್ಸಿನ ಕಡೆಗೆ ನಡೆದರು.